ತಳವಿಲ್ಲದ ಮಣಿಸಂಚಿ

ಬಹಳ ಹಿಂದೆ, ನದಿಗಳೂ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದ ಕಾಲದಲ್ಲಿ, ತುಂಬೆನಾಡು ಎಂಬ ರಾಜ್ಯವಿತ್ತು. ಅಲ್ಲಿ ಪ್ರೀತಿಯವರಿಗೆ ಅಂಗೈಯಷ್ಟು ಮಣಿಸಂಚಿಯನ್ನು ಕೈಯಾರೆ ಹೆಣೆದು ಕೊಡುವುದು ಪದ್ಧತಿ. ಉಡುಗೊರೆಯ ಸಂಚಿಯನ್ನು ಯಾರೂ ಕೊಳ್ಳುತ್ತಿರಲಿಲ್ಲ. ಹೆಣೆದದ್ದನ್ನು ಯಾರೂ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಅದರೊಳಗಿನ ಪ್ರೀತಿಯೂ ಬಿಚ್ಚಿಹೋಗುತ್ತದೆ ಎನ್ನುತ್ತಿದ್ದರು.

ಆ ನಾಡಿನ ರಾಜಕುಮಾರಿ ಪದುಮಲೆ. ಅವಳಿಗೆ ಹಾಲೂಡಿಸಿದ ದಾದಿ ಮಂಚಮ್ಮ. ಮಂಚಮ್ಮನ ಮಗಳು ದೇವೀರಿ. ಒಂದೇ ಮಡಿಲಲ್ಲಿ ಬೆಳೆದ ಹುಡುಗಿಯರು ಅಕ್ಕತಂಗಿಯರಂತೆಯೇ ಇದ್ದರು.

ಗಾಜಿನ ಕೋಟೆಯ ಮಾಂತ್ರಿಕನೊಬ್ಬ ಪದುಮಲೆಯನ್ನು ಮದುವೆಗೆ ಕೇಳಿದ. ಅವಳು ನಕ್ಕು, “ನಿಮ್ಮ ಮನೆಯಲ್ಲಿ ನನಗೆ ನಿದ್ದೆ ಬಾರದು” ಎಂದಳು.

“ಹಾಗಾದರೆ ಎಲ್ಲಿಯೂ ಬಾರದಿರಲಿ” ಎಂದ ಅವನು ಅವಳ ನಿದ್ದೆಯನ್ನೇ ಕದ್ದು ಗಾಜಿನ ಕುಡಿಕೆಯಲ್ಲಿಟ್ಟ. “ಇದನ್ನು ಹಿಡಿದಿಡುವ ಚೀಲ ತಂದವರು ಒಯ್ಯಬಹುದು” ಎಂದು ಡಂಗುರ ಹೊಡೆಸಿದ. ಅರಸರು ಚಿನ್ನದ ಪೆಟ್ಟಿಗೆ ತಂದರು, ವರ್ತಕರು ರೇಷ್ಮೆಯ ಚೀಲ ತಂದರು. ನಿದ್ದೆ ಹೊಗೆಯಂತೆ ಜಾರಿ ಮತ್ತೆ ಕುಡಿಕೆ ಸೇರಿತು.

ಪದುಮಲೆ ತೆರೆದ ಕಣ್ಣಲ್ಲೇ ಕರಗತೊಡಗಿದಳು. ಮೊದಲು ಅವಳ ನೆರಳು ಹೋಯಿತು. ಆಮೇಲೆ ಅವಳ ಬೆರಳುಗಳ ಆಚೆಗಿನ ದೀಪ ಕಾಣತೊಡಗಿತು.

“ಹುಣ್ಣಿಮೆಯ ಹೊತ್ತಿಗೆ ನಾನು ಪೂರಾ ಕಾಣೆಯಾಗುತ್ತೇನೆ ಕಣೇ” ಎಂದಳು.

“ಕಾಣೆಯಾಗಿ ನೋಡಕ್ಕಾ, ಕಿವಿ ಹಿಡಿದು ಎಳೆದು ತರುತ್ತೇನೆ” ಎಂದಳು ದೇವೀರಿ.

ಮಂಚಮ್ಮ ಮಗಳನ್ನು ಹತ್ತಿರ ಕೂರಿಸಿಕೊಂಡಳು. “ನಿದ್ದೆ ಕೊಂಡ ವಸ್ತುವಿನಲ್ಲಿ ಕೂರುವುದಿಲ್ಲ ಮಗಳೇ. ಅವಳಿಗೆಂದೇ ಹೆಣೆದ ಸಂಚಿ ಬೇಕು. ತಳದಲ್ಲಿ ಮುಸ್ಸಂಜೆಯ ಮಣಿ, ನಡುವೆ ಇರುಳಿನ ಮಣಿ, ಬಾಯಲ್ಲಿ ಬೆಳಗಿನ ಮಣಿ. ಬಾಯಲ್ಲಿ ಬೆಳಗಿದ್ದರೆ ಮಲಗಿದವಳು ಏಳುತ್ತಾಳೆ. ಮುಸ್ಸಂಜೆ ಇದ್ದರೆ ಏಳುವುದೇ ಇಲ್ಲ. ಇನ್ನೊಂದು ಮಾತು. ಮಣಿಗಳನ್ನೆಲ್ಲ ನೂಲಿಗೆ ಪೋಣಿಸಿಕೊಂಡ ಮೇಲೆ ಹೆಣೆಯುವುದು. ಕೊನೆಗೆ ಪೋಣಿಸಿದ್ದೇ ಮೊದಲು ಬರುತ್ತದೆ, ಅದಕ್ಕೇ...”

“ಗೊತ್ತು ಬಿಡಮ್ಮ. ಹೆಣಿಗೆ ನನಗೇನು ಹೊಸತೇ?” ಎಂದು ದೇವೀರಿ ಕಡ್ಡಿ, ನೂಲು ತೆಗೆದುಕೊಂಡು ಹೊರಟೇಬಿಟ್ಟಳು.

ನಡೆದಳು, ನಡೆದಳು. ಎಂದೂ ಮುಗಿಯದ ಸಂಜೆಯ ಕೊಳ ಸಿಕ್ಕಿತು. ನೀರಿನಲ್ಲಿ ಕೆಂಪು ಕೊಕ್ಕರೆ ನಿಂತಿತ್ತು.

“ಯಾರೇ ನೀನು? ಏನು ಬೇಕು?”

“ನಮ್ಮಕ್ಕನ ನಿದ್ದೆಗೆ ಸಂಚಿ ಹೆಣೆಯಬೇಕು. ಮಣಿ ಬೇಕು.”

“ನನ್ನ ಜೊತೆ ಒಂಟಿಕಾಲಲ್ಲಿ ನಿಲ್ಲು. ನಾನು ಸೋತರೆ ಕೊಡುತ್ತೇನೆ.”

ದೇವೀರಿ ನಿಂತಳು. ಅವಳ ಸುತ್ತ ತಾವರೆ ಅರಳಿ, ಮುಚ್ಚಿ, ಮತ್ತೆ ಅರಳಿತು. ಕೊನೆಗೆ ಕೊಕ್ಕರೆ, “ಅಬ್ಬಾ, ಹಠವೇ!” ಎಂದು ಎರಡನೆಯ ಕಾಲೂರಿ ಕೆಂಪು ಮಣಿಗಳನ್ನು ಉದುರಿಸಿತು. ಎಲ್ಲಿ ಕಳೆದುಹೋದಾವೋ ಎಂದು ದೇವೀರಿ ಅಲ್ಲೇ ಅವನ್ನು ನೂಲಿಗೆ ಪೋಣಿಸಿದಳು.

ನಡೆದಳು, ನಡೆದಳು. ಬೆಳಕೇ ಹೊಗದ ಗವಿ ಸಿಕ್ಕಿತು. ಒಳಗೆ ಕರಡಿ ಉಸಿರಾಡುತ್ತಿತ್ತು.

“ಯಾರೇ ನೀನು? ಏನು ಬೇಕು?”

“ನಮ್ಮಕ್ಕನ ನಿದ್ದೆಗೆ ಸಂಚಿ ಹೆಣೆಯಬೇಕು. ಮಣಿ ಬೇಕು.”

“ನನ್ನ ಕೂದಲು ಸಿಕ್ಕಾಗಿದೆ. ನೋವಾಗದಂತೆ ಬಿಡಿಸು. ನೋವಾದರೆ ತಿಂದುಬಿಡುತ್ತೇನೆ.”

“ಅಲ್ಲಾಡದೆ ಕೂತರೆ ನೋವಾಗದು” ಎಂದು ಗದರಿಸಿ ದೇವೀರಿ ಕತ್ತಲಲ್ಲೇ ಬಾಚಿದಳು. ಕರಡಿ ಮಗುವಿನಂತೆ ಕೂತಿತು. ಬಾಚಿದಂತೆಲ್ಲ ಕರಿನೀಲಿ ಮಣಿಗಳು ಅವಳ ಮಡಿಲಿಗೆ ಬಿದ್ದವು. ಅವನ್ನೂ ಅಲ್ಲೇ ಪೋಣಿಸಿದಳು.

ನಡೆದಳು, ನಡೆದಳು. ಬೆಟ್ಟದ ನೆತ್ತಿಯಲ್ಲಿ ಆನೆಯಷ್ಟು ದೊಡ್ಡ ಹುಂಜ ಕೂತಿತ್ತು.

“ಯಾರೇ ನೀನು? ಏನು ಬೇಕು?”

“ನಮ್ಮಕ್ಕನ ನಿದ್ದೆಗೆ ಸಂಚಿ ಹೆಣೆಯಬೇಕು. ಮಣಿ ಬೇಕು. ಕೆಲಸ ಹೇಳು.”

“ಕೆಲಸವೇನೂ ಇಲ್ಲ. ಕೈಯೊಡ್ಡಿ ಬೇಡು, ಕೊಡುತ್ತೇನೆ.”

ದೇವೀರಿ ಹುಟ್ಟಿದಾಗಿನಿಂದ ಯಾರ ಮುಂದೆಯೂ ಕೈಯೊಡ್ಡಿದವಳಲ್ಲ. ಹಿಂದಿರುಗಿ ಎರಡು ಹೆಜ್ಜೆ ಇಟ್ಟಳು. ಆಮೇಲೆ ಪದುಮಲೆಯ ಬೆರಳುಗಳು ನೆನಪಾದವು. ಮೆಲ್ಲಗೆ ಕೈ ನೀಡಿ, “ಕೊಡಪ್ಪಾ” ಎಂದಳು. ಹುಂಜ ರೆಕ್ಕೆ ಕೊಡವಿತು. ಅಂಗೈ ತುಂಬ ಬಿಳಿಯ ಮಣಿಗಳು. ಅವನ್ನೂ ಪೋಣಿಸಿದಳು.

ಹುಣ್ಣಿಮೆ ಹತ್ತಿರವಾಗಿತ್ತು. ನಡೆಯುತ್ತಲೇ ಹೆಣೆದಳು. ಒಂದೊಂದು ಕುಣಿಕೆಗೆ ಒಂದೊಂದು ಮಣಿ ಸರಿಸಿ, ಸುತ್ತು ಸುತ್ತಾಗಿ ಹೆಣೆದಳು. ಗಾಜಿನ ಕೋಟೆಯ ಬಾಗಿಲಿಗೆ ಬಂದು ಕೊನೆಯ ಸುತ್ತು ಮುಗಿಸಿ ನೋಡಿದಳು. ತಳದಲ್ಲಿ ಬಿಳಿ, ಬಾಯಲ್ಲಿ ಕೆಂಪು! ಅವಳು ಅದುವರೆಗೆ ಹೆಣೆದಿದ್ದೆಲ್ಲ ಒಂದೇ ಬಣ್ಣದ ಸಂಚಿಗಳು. ಹಿಂದುಮುಂದಿನ ಗೋಜೇ ಇರಲಿಲ್ಲ. ಅಮ್ಮ ಹೇಳಹೊರಟಿದ್ದು ಈಗ ಕೇಳಿಸಿತು.

ಬಿಚ್ಚುವಂತಿಲ್ಲ. ಹಿಂದಿರುಗುವಷ್ಟು ಹೊತ್ತಿಲ್ಲ. ದೇವೀರಿ ಹೊಸಿಲ ಮೇಲೆ ಕೂತು ಸಂಚಿಯನ್ನೇ ದಿಟ್ಟಿಸಿದಳು. ತಳದಿಂದ ಹೆಣೆಯತೊಡಗಿ, ತಳವನ್ನು ಕೊನೆಗೆ ಬಿಗಿಯುವುದು ಹೆಣಿಗೆಯ ಕ್ರಮ. ಹಾಗಾಗಿ ಬಿಳಿಯ ತುದಿ ಇನ್ನೂ ತೆರೆದೇ ಇತ್ತು. “ತಳ ಯಾವುದು, ಬಾಯಿ ಯಾವುದು ಅಂತ ಹೆಣೆದವಳು ನಾನಲ್ಲವೇ ಹೇಳಬೇಕು?” ಎಂದು ಸಂಚಿಯನ್ನು ತಲೆಕೆಳಗು ಮಾಡಿದಳು. ಈಗ ಬಿಳಿ ಮೇಲೆ ಬಂತು. ಕೆಳಗಿನ ಕೆಂಪು ಕುಣಿಕೆಗಳೊಳಗೆ ನೂಲು ತೂರಿಸಿದಳು. ಅದನ್ನು ಬಿಗಿಯುವ ಮೊದಲೇ ಬಾಗಿಲು ತೆರೆಯಿತು.

“ಏನೇ ಹುಡುಗಿ, ಇದೇನಿದು?” ಎಂದ ಮಾಂತ್ರಿಕ. “ತಳವಿಲ್ಲದ ಸಂಚಿ! ಅರಸರ ಪೆಟ್ಟಿಗೆಯಲ್ಲಿ ನಿಲ್ಲದ್ದು ನಿನ್ನ ತೂತಿನಲ್ಲಿ ನಿಲ್ಲುತ್ತದೆಯೇ?”

“ಸುರಿದು ನೋಡಿ.”

ಹೊಟ್ಟೆ ಹಿಡಿದು ನಗುತ್ತ ಅವನು ಕುಡಿಕೆಯನ್ನು ವಾಲಿಸಿದ. ನಿದ್ದೆ ಮಂಜಿನಂತೆ ಇಳಿಯಿತು. ಬಿಳಿಯನ್ನು ದಾಟಿತು, ಕರಿನೀಲಿಯನ್ನು ದಾಟಿತು, ಕೆಂಪಿಗೆ ಬಂತು. ಒಂದು ಹನಿ ಕೆಳಗೆ ಜಾರಿ ಮಾಂತ್ರಿಕನ ಪಾದದ ಮೇಲೆ ಬಿತ್ತು. ದೇವೀರಿ ಸರಕ್ಕನೆ ನೂಲೆಳೆದಳು. ತಳ ಮೊಗ್ಗಿನಂತೆ ಮುಚ್ಚಿಕೊಂಡಿತು. ತನಗಾಗಿ ಹೆಣೆದ ಮನೆಯಲ್ಲಿ ನಿದ್ದೆ ಮುದುರಿ ಕೂತಿತು.

ಕದ್ದದ್ದನ್ನು ಕಾಯುತ್ತ ಮಾಂತ್ರಿಕನೂ ಕಣ್ಣು ಮುಚ್ಚಿರಲಿಲ್ಲ. ಈಗ ಒಮ್ಮೆ ಆಕಳಿಸಿದ, ಕೂತ, ಮಲಗಿದ. ಅವನ ಮಂತ್ರಗಳೂ ಮಲಗಿದವು. ಗಾಜಿನ ಕೋಟೆ ಸದ್ದಿಲ್ಲದೆ ಕುಸಿದು ಮರಳಾಯಿತು. ಆ ಮರಳ ಮೇಲೆ ಅವನು ಇನ್ನೂ ಗೊರಕೆ ಹೊಡೆಯುತ್ತಿದ್ದಾನಂತೆ.

ಚಂದ್ರ ತುಂಬಿಕೊಳ್ಳುವ ಹೊತ್ತಿಗೆ ದೇವೀರಿ ಅರಮನೆ ಮುಟ್ಟಿದಳು. ಹಾಸಿಗೆಯ ಮೇಲೆ ಎರಡು ಕಣ್ಣುಗಳಷ್ಟೇ ಉಳಿದಿದ್ದವು.

“ಇದೇನೇ, ತಲೆಕೆಳಗಾದ ಸಂಚಿ?” ಎಂದಿತು ಪದುಮಲೆಯ ದನಿ.

“ಉಡುಗೊರೆಯಲ್ಲಿ ಕುಂದು ಹುಡುಕಬೇಡಕ್ಕಾ. ಮಲಗು.”

ಪದುಮಲೆ ಸಂಚಿಯನ್ನು ಕೆನ್ನೆಯಡಿ ಇಟ್ಟುಕೊಂಡು ಮಲಗಿದಳು. ಬೆಳಗಾದಾಗ ಎದ್ದಳು. ಅವಳ ನೆರಳು ಗೋಡೆಯ ಮೇಲೆ ಮೈಮುರಿಯುತ್ತಿತ್ತು. ಜಾರಿದ ಆ ಒಂದು ಹನಿಯಿಂದಾಗಿ ಅವಳು ಮುಂದೆ ಯಾವಾಗಲೂ ಹಕ್ಕಿಗಳಿಗಿಂತ ತುಸು ಮೊದಲೇ ಏಳುತ್ತಿದ್ದಳು.

“ನಾನು ಹೇಳಿದ್ದೆ” ಎಂದಳು ಮಂಚಮ್ಮ.

“ಹೇಳಿದ್ದೆ. ನಾನು ಕೇಳಿದ್ದರೆ ಸಂಚಿಗೆ ತಳವಿರುತ್ತಿತ್ತು. ಅವನು ನಗುತ್ತಿರಲಿಲ್ಲ, ಆ ಹನಿ ಅವನ ಕಾಲ ಮೇಲೆ ಬೀಳುತ್ತಿರಲಿಲ್ಲ” ಎಂದಳು ದೇವೀರಿ. ಆಮೇಲೆ, “ಮುಂದಿನ ಸಲ ಕೇಳುತ್ತೇನೆ” ಎಂದಳು.

ಅಂದಿನಿಂದ ತುಂಬೆನಾಡಿನಲ್ಲಿ ಉಡುಗೊರೆ ಕೊಡುವ ಗಳಿಗೆಯಲ್ಲೇ ಸಂಚಿಯ ತಳ ಬಿಗಿಯುತ್ತಾರೆ. ಅಲ್ಲಿಯವರು ಹೊತ್ತಿಗೆ ಮಲಗಿ, ಹೊತ್ತಿಗೆ ಎದ್ದು, ನಗುನಗುತ್ತ ಬಾಳಿದರು.