ದೇವೀರಿ ಬರೆದ ದೊರೆಯ ಚಿತ್ರ

ಏಳು ಬೆಟ್ಟಗಳ ಆಚೆ, ಹಕ್ಕಿಗಳಷ್ಟೇ ದಾರಿ ಬಲ್ಲ ಕಾಲದಲ್ಲಿ, ಸೋನೆಗಿರಿ ಎಂಬ ರಾಜ್ಯವಿತ್ತು. ಅದನ್ನು ಧವಳರಾಯ ಆಳುತ್ತಿದ್ದ. ಪ್ರಾಯದಲ್ಲಿ ಅವನು ಜನರ ಜೊತೆ ತಾನೂ ಮಣ್ಣು ಹೊತ್ತು, ನೀರಿಲ್ಲದ ನಾಡಿಗೆ ದೊಡ್ಡ ಕೆರೆ ಕಟ್ಟಿಸಿದ್ದ. ಜನ ಅವನನ್ನು ಅಪ್ಪಾಜಿ ಎನ್ನುತ್ತಿದ್ದರು.

ಆಮೇಲೆ ಉರಗಸಿದ್ಧನೆಂಬ ಮಾಂತ್ರಿಕ ಆಸ್ಥಾನ ಸೇರಿದ. ಹೊಗಳಿಕೆಯೇ ಅವನ ಊಟ. ಅವನ ಮಾತು ಕೇಳಿ ದೊರೆ ಡಂಗುರ ಹೊಡೆಸಿದ: “ಕೆರೆಯ ನೀರು ಮುಟ್ಟುವ ಮೊದಲು ನೂರೆಂಟು ಸಲ ಜಯಕಾರ ಹಾಕಬೇಕು.” ಯಾರಾದರೂ ಗೊಣಗಿದರೆ ಉರಗಸಿದ್ಧನ ಮಾಯೆಯಿಂದ ಅವರ ದನಿ ಹಸಿರು ಗಿಳಿಯಾಗಿ ಗಂಟಲಿನಿಂದ ಹಾರಿ ಅರಮನೆಯ ತೋಟ ಸೇರುತ್ತಿತ್ತು. ಅಲ್ಲಿ ಗಿಳಿ “ಜಯ, ಜಯ” ಎನ್ನುತ್ತಿತ್ತು. ಇಲ್ಲಿ ಮನುಷ್ಯ ಮೂಕನಾಗುತ್ತಿದ್ದ.

ಆ ನಾಡಲ್ಲಿ ದೇವೀರಿ ಎಂಬ ಚಿತ್ರಗಾತಿ ಇದ್ದಳು. ಒಂದು ದಿನ ಅವಳ ತಂಗಿ ಚೆಲುವಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಕೆರೆಗೆ ಹೋದಳು. “ಮಗುವಿಗೆ ಬಾಯಾರಿದೆ. ಮೊದಲು ನೀರು, ಆಮೇಲೆ ಜಯಕಾರ,” ಎಂದಳು. ಅಷ್ಟೇ. ಅವಳ ದನಿಯೂ ಹಾರಿಹೋಯಿತು. ಆಮೇಲೆ ಕೂಸಿಗೆ ಜೋಗುಳ ಹಾಡುವವರು ಇಲ್ಲವಾದರು.

ಧವಳರಾಯ ಪಟ್ಟವೇರಿ ಇಪ್ಪತ್ತೈದು ವರ್ಷ ತುಂಬಿತು. “ಜನರ ಮನಸ್ಸಿನಲ್ಲಿ ನಾನು ಹೇಗಿದ್ದೇನೋ ಹಾಗೆ ಅರಮನೆಯ ಗೋಡೆಯ ಮೇಲೆ ಬರೆಯಿರಿ. ನಾಲ್ಕನೆಯ ದಿನ ಬಂದು ನೋಡುತ್ತೇನೆ. ಅಲ್ಲಿಯವರೆಗೆ ಬರೆಯುವವರ ಕೂದಲೂ ಕೊಂಕಬಾರದು,” ಎಂದು ಸಾರಿಸಿದ. ಬೇರೆ ಚಿತ್ರಗಾರರು ಹೆದರಿ ಮನೆಯಲ್ಲೇ ಕುಳಿತರು. ದೇವೀರಿ ಕುಂಚ ಹಿಡಿದು ಹೊರಟಳು.

ಅವಳು ದೊರೆಯನ್ನು ಆನೆಯೆತ್ತರಕ್ಕೆ ಬರೆದಳು. ಅವನ ಬಲಗೈ ಕೊಡದಿಂದ ನೀರು ಹನಿಸುತ್ತಿತ್ತು. ಆ ನೀರು ಕುಡಿಯುವವನ ಕತ್ತಿನ ಮೇಲೆ ದೊರೆಯದೇ ಎಡಗಾಲು ಊರಿತ್ತು. ಮೀಸೆ ಎಷ್ಟು ಉದ್ದವೆಂದರೆ, ಅದರ ಎರಡು ತುದಿಗಳನ್ನು ನಾಲ್ವರು ಭಟರು ಪಲ್ಲಕ್ಕಿಯಂತೆ ಹೆಗಲ ಮೇಲೆ ಹೊತ್ತಿದ್ದರು.

ಉರಗಸಿದ್ಧನ ಹೊಟ್ಟೆ ಉರಿಯಿತು. ಅವಳನ್ನು ಮುಟ್ಟುವಂತಿಲ್ಲ, ಚಿತ್ರವನ್ನು ಕೆಡಿಸಬಹುದಲ್ಲ?

ಮೊದಲನೆಯ ದಿನ ಅವನು ಚಿನ್ನದ ನಾಲಿಗೆಯ ಜಿಂಕೆಯನ್ನು ಕಳಿಸಿದ. ಅದು ನೆಕ್ಕಿದ ಕಡೆಯೆಲ್ಲ ಚಿತ್ರ ಹೊಗಳಿಕೆಯಾಯಿತು. ಕತ್ತಿನ ಮೇಲಿದ್ದ ಕಾಲು ಕಮಲವಾಯಿತು. ದೇವೀರಿ ಬಣ್ಣಕ್ಕೆ ಬೇವಿನ ರಸ ಬೆರೆಸಿ ಕಾಲನ್ನು ಮತ್ತೆ ಬರೆದಳು. ಜಿಂಕೆ ಮತ್ತೊಮ್ಮೆ ನೆಕ್ಕಿತು, ಉಗುಳಿತು, ಕಾಡಿಗೆ ಓಡಿತು.

ಎರಡನೆಯ ದಿನ ಕರಿಯ ಹಂದಿಯೊಂದು ಬಂತು. ಒಳ್ಳೆಯದನ್ನಷ್ಟೇ ತಿನ್ನುವ ಹಂದಿ ಅದು; ಬರೀ ಕೆಟ್ಟದ್ದೇ ಉಳಿದರೆ ದೊರೆ ಚಿತ್ರವನ್ನು ಸುಳ್ಳೆಂದು ತಳ್ಳಿಹಾಕುತ್ತಾನೆ ಎಂಬುದು ಉರಗಸಿದ್ಧನ ಲೆಕ್ಕ. ನೀರು ಕೊಡುವ ಕೈಯನ್ನೂ ಕೊಡವನ್ನೂ ತಿಂದುಬಿಟ್ಟಿತು. ‘ಹೋದರೆ ಹೋಗಲಿ, ಇವನಿಗೆ ಕಾಲೊಂದೇ ಸಾಕು,’ ಎಂದುಕೊಂಡಳು ದೇವೀರಿ. ಆಗ ಮೂಕ ಮುದುಕನೊಬ್ಬ ಹತ್ತಿರ ಬಂದ. ಕೆರೆಯತ್ತ ಬೆರಳು ತೋರಿಸಿ, ತನ್ನ ಬೊಗಸೆ ತೋರಿಸಿ, ಎದೆ ಮುಟ್ಟಿಕೊಂಡ. ದೇವೀರಿ ತಲೆ ತಗ್ಗಿಸಿದಳು. “ನಿಜ ತಾತ, ಆ ನೀರು ನಾನೂ ಕುಡಿದಿದ್ದೇನೆ,” ಎಂದು ಕೈಯನ್ನು ಮತ್ತೆ ಬರೆದಳು. ಗೋಡೆಯ ಬುಡದಲ್ಲಿ ಒಂದು ಆಳವಾದ ಗುಂಡಿಯನ್ನೂ ಬರೆದಳು. ತಿರುಗಿ ಬಂದ ಹಂದಿ ಅದರೊಳಗೆ ಬಿದ್ದು ಮಾಯವಾಯಿತು.

ಮೂರನೆಯ ದಿನ ಉರಗಸಿದ್ಧನೇ ಬಂದ. ಅವನ ಕೈಯ ಪಂಜರದಲ್ಲಿ ಚೆಲುವಿಯ ಗಿಳಿ ಇತ್ತು.

“ಆ ಕಾಲೊಂದನ್ನು ಅಳಿಸು, ದೇವೀರಿ. ನಿನ್ನ ತಂಗಿ ಇವತ್ತೇ ಜೋಗುಳ ಹಾಡುತ್ತಾಳೆ.”

ದೇವೀರಿ ಕುಂಚ ಕೆಳಗಿಟ್ಟಳು. ಕೂಸು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದ ತಂಗಿಯ ಕಡೆ ತಿರುಗಿದಳು. “ನೀನೇ ಹೇಳವ್ವ. ನೀನು ಅಳಿಸು ಅಂದರೆ ಅಳಿಸುತ್ತೇನೆ.”

ಚೆಲುವಿ ಕೂಸನ್ನು ಅಕ್ಕನ ಕೈಗೆ ಕೊಟ್ಟಳು. ಕುಂಚವನ್ನು ಕೆಂಪಿನಲ್ಲಿ ಅದ್ದಿದಳು. ಗೋಡೆಯ ಹತ್ತಿರ ಹೋಗಿ ಆ ಕಾಲಿನ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿದಳು.

ನಾಲ್ಕನೆಯ ದಿನ ದೊರೆ ಬಂದು ಚಿತ್ರದೆದುರು ನಿಂತ. ಅವನ ಮುಖ ಕೆಂಡವಾಯಿತು.

“ಇದು ನಾನೋ?”

“ಕೈಯೂ ನಿಮ್ಮದೇ ಮಹಾಪ್ರಭು, ಕಾಲೂ ನಿಮ್ಮದೇ.”

“ತಲೆ ಹೋದೀತೆಂಬ ಭಯವಿಲ್ಲವೆ?”

“ಇದೆ. ಆದರೂ ಬರೆದೆ.”

ದೊರೆಯ ಕಣ್ಣು ಮೀಸೆ ಹೊತ್ತ ಭಟರ ಮೇಲೆ ಬಿತ್ತು. ತುಟಿಯಲ್ಲಿ ತುಸು ನಗು ಇಣುಕಿತು. ಅವನು ಸುತ್ತ ನೆರೆದಿದ್ದ ಜನರ ಕಡೆ ತಿರುಗಿ, ಎಷ್ಟೋ ವರ್ಷಗಳ ಮೇಲೆ, ಕೇಳಿದ: “ಇವಳು ಬರೆದದ್ದು ನಿಜವೇ? ಹೇಳಿ.”

ಉರಗಸಿದ್ಧನ ಮಾಯೆ ತಡೆಯಲಾರದ್ದು ಆ ಒಂದು ಪ್ರಶ್ನೆಯನ್ನೇ. ದೊರೆ ಕೇಳಿದ ಕೂಡಲೇ ತೋಟದ ಗಿಳಿಗಳೆಲ್ಲ, ಪಂಜರದ ಗಿಳಿಯೂ ಸೇರಿ, ಹಾರಿ ಬಂದು ತಮ್ಮ ತಮ್ಮ ಗಂಟಲು ಸೇರಿದವು. “ಕೆರೆ ನಿಮ್ಮದು ಅಪ್ಪಾಜಿ, ನೀರು ಸಿಹಿ,” ಎಂದ ಮುದುಕ. “ನನ್ನ ಕೂಸು ಆ ನೀರಿನ ಮುಂದೆಯೇ ಬಾಯಾರಿ ಅತ್ತಿತು,” ಎಂದಳು ಚೆಲುವಿ. ಹೊಗಳಿಕೆ ಸಿಗದೆ ಉರಗಸಿದ್ಧ ಬಾಡಿದ, ಕುಗ್ಗಿದ, ಹಲ್ಲಿಯಾಗಿ ಕಲ್ಲಿನ ಸಂದಿಗೆ ನುಸುಳಿದ.

ಧವಳರಾಯ ಜಯಕಾರದ ಕಟ್ಟಳೆಯನ್ನು ಅಲ್ಲೇ ತೆಗೆದುಹಾಕಿದ. ಆಮೇಲೆ ಮೆಲ್ಲಗೆ, “ಇನ್ನಾದರೂ ಆ ಕಾಲನ್ನು ಅಳಿಸಬಹುದಲ್ಲ, ತಾಯಿ?” ಎಂದ.

“ಒಂದು ವರ್ಷ ನೋಡುತ್ತೇನೆ, ಮಹಾಪ್ರಭು,” ಎಂದಳು ದೇವೀರಿ.

ಅವಳು ವರ್ಷವಿಡೀ ನೋಡಿದಳು. ಮೇಲೆ ಇನ್ನೂ ಒಂದು ವರ್ಷ ನೋಡಿ, ಆಮೇಲಷ್ಟೇ ಅಳಿಸಿದಳು. ದೊರೆ ಕಾದ. ಸೋನೆಗಿರಿಯ ಜನ ಅನಿಸಿದ್ದನ್ನು ಗಟ್ಟಿಯಾಗಿ ಆಡುತ್ತಾ, ಉಂಡುಟ್ಟು, ನಗುನಗುತ್ತಾ ನೂರು ಕಾಲ ಬಾಳಿದರು.