ಅನ್ನ ಮಾರುವವನ ಹುಡುಗಿ

ಫಳ್! ಸಿಹಿತಿಂಡಿಯ ಗಾಜಿನ ಕಪಾಟು ಒಡೆದು ಚೂರಾಯಿತು.

ಮರುಕ್ಷಣವೇ ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಸುಕೇಶನ ಹಣೆಗೆ ಬಿತ್ತು. ರಕ್ತ ಕಣ್ಣಿಗಿಳಿಯಿತು.

"ಡೇಯ್! ಅನ್ನ ಮಾರೋನಿಗೆ ನಮ್ಮನೆ ಹುಡುಗಿ ಬೇಕಾ?" ಸುಮೇಧಾಳ ಅಣ್ಣ ಸತ್ಯಾತ್ಮ ಅಬ್ಬರಿಸಿದ.

ಅವರದು ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ ಆಚಾರದ ಮನೆತನ. ಎಲ್ಲರೂ ಸಂಬಳದವರು. ಅನ್ನ ಹಾಕಿದರೆ ಪುಣ್ಯ, ಮಾರಿದರೆ ಪಾಪ ಎಂದು ನಂಬಿದವರು. ಓದಿದ್ದೆಲ್ಲ ಆಫೀಸಿನ ಕುರ್ಚಿಗೇ! ಅಂಥ ಮನೆಯ ಹುಡುಗಿ ಬ್ಯಾಂಕ್ ಕೆಲಸ ಬಿಟ್ಟು, ಸಿಂಗಾಪುರದಿಂದ ಮರಳಿದ ಉಡುಪಿಯ ಸುಕೇಶನನ್ನು ಮದುವೆಯಾಗಿ, ಅವನ ಜೊತೆ ಸೌಕಾರ್‌ಪೇಟೆಯಲ್ಲಿ ಹೋಟೆಲ್ ತೆರೆದರೆ ಸುಮ್ಮನಿರುತ್ತಾರೆಯೇ?

ಇನ್ನೊಂದು ಏಟು. ಸುಕೇಶ ಮಂಡಿಯೂರಿದ. ಕೈ ಮಾತ್ರ ಎತ್ತಲಿಲ್ಲ.

'ನನಗಾಗಿ ಒಂದು ಏಟಾದರೂ ತಿರುಗಿ ಕೊಡಬಾರದೇ? ಇಂಥ ಹೇಡಿಗೋಸ್ಕರ ಎಲ್ಲ ಬಿಟ್ಟೆನಾ...' ಸುಮೇಧಾಳ ಎದೆ ಒಡೆಯಿತು. ಅವಳು ಬಾಗಿಲತ್ತ ತಿರುಗಿದಳು.

"ನಿಲ್ಲು ಮಾರಾಯ್ತಿ!" ಅಡುಗೆಯ ರಾಮದಾಸ ಕೂಗಿದ. "ಹೋಟೆಲ್ ತೆರೆದ ದಿನ ಮೊದಲು ಒಳಗೆ ಬಂದವ ನಮಗೆ ದೇವರು. ಅವನ ಮೇಲೆ ಕೈ ಮಾಡ್ಲಿಕ್ಕಿಲ್ಲ. ಇವತ್ತು ಮೊದಲು ಬಂದದ್ದು ನಿನ್ನ ಅಣ್ಣನೇ!"

ಅಯ್ಯೋ!

ಕೊಕ್ಕೆ ಮತ್ತೆ ಮೇಲೆದ್ದಿತ್ತು. ಸುಮೇಧಾ ಓಡಿ ಅಡ್ಡ ನಿಂತಳು. ಏಟು ಮುಂಗೈಗೆ ಬಿತ್ತು. ಬಳೆಗಳು ಪುಡಿಯಾಗಿ ಮಾಂಸಕ್ಕೆ ಚುಚ್ಚಿಕೊಂಡವು.

ಸತ್ಯಾತ್ಮ ಬೆಚ್ಚಿದ. "ನಗರು ಸುಮಿ, ಪಕ್ಕಕ್ಕೆ ಸರಿ! ಎಮ್‌ಬಿಎ ಓದಿ ಗಲ್ಲಾ ಮೇಲೆ ಕೂರ್ತೀಯಾ?"

"ಕೂರ್ತೀನಿ ಅಣ್ಣಾ. ಇವರನ್ನ ಕೊಲ್ಲೋದಾದ್ರೆ ಮೊದಲು ನನ್ನ ಕೊಲ್ಲು!"

"ಹಾಗಾದ್ರೆ ನೀನು ನಮ್ಮ ಪಾಲಿಗೆ ಸತ್ತೆ." ಕೊಕ್ಕೆ ಬಿಸಾಡಿ ಅವನು ಹೊರನಡೆದ.

ಅವಳು ಕುಸಿದು ಕೂತಳು. ಸುಕೇಶ ತೆವಳಿ ಬಂದು ತನ್ನ ಹೆಗಲ ಪಂಚೆಯನ್ನು ಅವಳ ಕೈಗೆ ಸುತ್ತಿದ.

"ಎಂತ ಮಾಡಿದೆ ನೀನು... ನಾಳೆ ಈ ಹೋಟೆಲ್ ಮುಳುಗಿದ್ರೆ?"

"ಮುಳುಗಿದ್ರೆ ಏನಾಗುತ್ತೆ, ನೀವೇ ಹೇಳಿ."

"ಸಿಂಗಾಪುರದಲ್ಲಿ ನನ್ನ ಯಜಮಾನ ಎರಡು ಸಲ ಮುಳುಗಿದ್ದ. ಮೂರನೇ ಅಂಗಡಿಗೆ ಅವನ ಮಾವನೇ ಬಂದು ದೀಪ ಹಚ್ಚಿದ್ರು. ಯಾರೂ ನಗಾಡಲಿಲ್ಲ. ಇಲ್ಲಿ ನನ್ನ ಮಾವ ಬರ್ತಾರಾ, ಸುಮೇಧಾ?"

ಅವಳ ಕಣ್ಣು ತುಂಬಿ ಹರಿಯಿತು. ರಕ್ತ ಮೆತ್ತಿದ ಅವನ ಹಣೆಗೆ ಹಣೆ ಆನಿಸಿದಳು.

"ಮಾವ ಬರಲ್ಲ ರೀ... ಹೆಂಡತಿ ಬಂದಿದಾಳೆ. ಸಾಲದಾ?"

"ಸಾಕು," ಅವನು ಬಿಕ್ಕಿದ. "ಧಾರಾಳ ಸಾಕು ಮಾರಾಯ್ತಿ!"