ಕೆಬಿರುಂಗಿಗೆ ಸಿಗದ ಔಷಧಿ

"ನೀನು... ನೀನು ಬದುಕಿದ್ದೀಯಾ?"

ಬಾಯಿ ತಪ್ಪಿ ಬಂದ ಮಾತು. ಒರಿಶಾಬ ನಾಲಿಗೆ ಕಚ್ಚಿಕೊಂಡಳು. ಆದರೆ ಅಷ್ಟರಲ್ಲಿ ಅದು ಅವನ ಕಿವಿಗೆ ಬಿದ್ದಾಗಿತ್ತು.

ಕಬಾಲೆ ಬೆಟ್ಟದ ತಿರುವಿನಲ್ಲಿ ಆಸ್ಪತ್ರೆಯ ಜೀಪು ನಿಂತಿತ್ತು. ಅಲ್ಲಿಂದ ಮೇಲಕ್ಕೆ ಬರೀ ಕಾಲುದಾರಿ. ರೋಗಿಯ ಮನೆ ತೋರಿಸಲು ಹಳ್ಳಿಯ ಸ್ವಯಂಸೇವಕನೊಬ್ಬ ಕಾಯುತ್ತಿರುತ್ತಾನೆ ಎಂದಷ್ಟೇ ಅವಳಿಗೆ ಹೇಳಿದ್ದರು. ಹೆಸರು ಹೇಳಿರಲಿಲ್ಲ.

ಟುಮ್ವಿನೆ!

"ಸಾಯೋಕೆ ಪುರುಸೊತ್ತಾಗಲಿಲ್ಲ ಸಿಸ್ಟರ್," ಅಂದ ಅವನು. ಮುಖದಲ್ಲಿ ನಗುವಿರಲಿಲ್ಲ. "ಊರಲ್ಲಿ ಹುಷಾರಿಲ್ಲದೋರು ಜಾಸ್ತಿ. ಬನ್ನಿ, ದಾರಿ ಜಾರುತ್ತೆ."

ಸಿಸ್ಟರ್... ಬನ್ನಿ...

ಒಂದು ಕಾಲದಲ್ಲಿ ಇದೇ ಬಾಯಿ ಅವಳನ್ನು 'ಶಾಬಾ' ಎಂದು ಕರೆಯುತ್ತಿತ್ತು. ಮದುವೆ ಮಾತಿಗೆ ಎರಡೂ ಮನೆಯವರು ಒಂದೇ ಮಡಕೆಯ ಜೋಳದ ಬಿಯರ್ ಕುಡಿದಿದ್ದರು. ಅವನ ರಕ್ತದಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾದ ತಿಂಗಳಲ್ಲೇ ಅವಳು ಹೇಳದೆ ಕೇಳದೆ ರಾಜಧಾನಿ ಕಂಪಾಲಾಕ್ಕೆ ಹೋಗಿಬಿಟ್ಟಳು. ಊರಿನ ಲೆಕ್ಕದಲ್ಲಿ ನಡೆದದ್ದು ಇಷ್ಟೇ.

ನಿಜ ಬೇರೆಯೇ ಇತ್ತು. ಅದು ಅವಳೊಬ್ಬಳಿಗೇ ಗೊತ್ತಿತ್ತು.

ಹಿಂದೆ ಏದುಸಿರು ಬಿಡುತ್ತಾ ಬರುತ್ತಿದ್ದವಳು ಸ್ಕಾಟ್ಲೆಂಡಿನ ನರ್ಸ್ ಮೊರಾಗ್. ಅಲ್ಲಿನ ಒಂದು ಆಸ್ಪತ್ರೆಗೂ ಇಲ್ಲಿನ ಬೆಟ್ಟದ ಆಸ್ಪತ್ರೆಗೂ ವರ್ಷಗಳ ನಂಟು. ಅಲ್ಲಿಯವರು ಇಲ್ಲಿ ಬಂದು ನೋವು ಇಳಿಸುವ ಪಾಠ ಹೇಳುತ್ತಿದ್ದರು. ಇಲ್ಲಿಯವರು ಅಲ್ಲಿಗೆ ಹೋಗಿ, ರೋಗಿಯನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆಂದು ತೋರಿಸಿಕೊಡುತ್ತಿದ್ದರು. ಕಂಪಾಲಾದಿಂದ ಈ ಆಸ್ಪತ್ರೆಗೆ ಮರಳಿದ ಒರಿಶಾಬಳೂ ಹೋಗಿ ಬಂದಿದ್ದಳು. ಕಡು ನೋವಿಗೆ ಕೊಡುವ ಮಾರ್ಫಿನ್ ಬರೆದುಕೊಡುವ ಅಧಿಕಾರ ಈಗ ಅವಳಿಗೇ ಇತ್ತು. ಮನೆಮನೆಗೆ ಹೋಗಿ ನೋವು ಇಳಿಸುವ ಈ ಕೆಲಸಕ್ಕೆ ಅವಳನ್ನೇ ಮುಖ್ಯಸ್ಥೆ ಮಾಡುವುದೆಂದು ಮಾತಾಗಿತ್ತು.

"ಒರಿಶಾಬ, ನಿಮ್ಮ ದೇಶದಲ್ಲಿ ಸಮತಟ್ಟಾದ ಜಾಗಾನೇ ಇಲ್ವಾ?" ಎಂದಳು ಮೊರಾಗ್.

"ಇದೆ. ಅಲ್ಲಿ ಯಾರಿಗೂ ಕಾಯಿಲೆ ಬರಲ್ಲ," ಅಂದ ಟುಮ್ವಿನೆ.

ಮೊರಾಗ್ ಜೋರಾಗಿ ನಕ್ಕಳು. ಒರಿಶಾಬಳಿಗೆ ನಗಲಾಗಲಿಲ್ಲ.

ಸ್ಕೊಲಾಸ್ತಿಕಾ ಅಜ್ಜಿಯ ಕೂಗು ಅಂಗಳಕ್ಕೇ ಕೇಳುತ್ತಿತ್ತು. ಗಂಡ ಬಿಟ್ಟುಹೋದ ಎಚ್‌ಐವಿ ಒಂದು ಕಡೆ, ಗರ್ಭಕೋಶದ ಕ್ಯಾನ್ಸರ್ ಇನ್ನೊಂದು ಕಡೆ. ಚಾಪೆಯ ಮೇಲೆ ಮುದುಡಿಕೊಂಡಿದ್ದ ಅಜ್ಜಿ ಕಣ್ಣು ಬಿಟ್ಟು ನೋಡಿದಳು.

"ಬಿಳಿಯೋಳ್ನೂ ಕರ್ಕೊಂಡು ಬಂದಿದ್ದೀರಾ? ಹಾಗಾದ್ರೆ ನಾನು ಸಾಯೋದು ಖಂಡಿತ!"

"ಇಲ್ಲಜ್ಜಿ, ಇವತ್ತು ನೀವು ನಿದ್ದೆ ಮಾಡ್ತೀರ," ಎಂದು ಒರಿಶಾಬ ಪಕ್ಕದಲ್ಲಿ ಕೂತಳು. ಎಲ್ಲೆಲ್ಲಿ ನೋವು, ಯಾವಾಗ ಹೆಚ್ಚು ಎಂದು ನಿಧಾನವಾಗಿ ಕೇಳಿದಳು. ಆಮೇಲೆ ಪ್ಲಾಸ್ಟಿಕ್ ಬಾಟಲಿಯಿಂದ ಹಸಿರು ಬಣ್ಣದ ಮಾರ್ಫಿನ್ ದ್ರವ ಅಳೆದು ಕುಡಿಸಿದಳು.

"ಥೂ, ಎಂಥಾ ಕಹಿ!"

ಸ್ವಲ್ಪ ಹೊತ್ತಿಗೆ ಕೂಗು ನರಳಾಟವಾಯಿತು. ನರಳಾಟ ಉಸಿರಾಟವಾಯಿತು. ಮುಷ್ಟಿ ಕಟ್ಟಿದ್ದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಜ್ಜಿ ಮಗುವಿನ ಹಾಗೆ ಬಾಯಿ ತೆರೆದು ನಿದ್ದೆ ಹೋದಳು.

ಬಾಗಿಲಲ್ಲಿ ನಿಂತಿದ್ದ ಟುಮ್ವಿನೆ ಬಾಟಲಿಯನ್ನೇ ನೋಡುತ್ತಿದ್ದ.

"ಇಷ್ಟೇನಾ? ಇಷ್ಟು ಸುಲಭಾನಾ?"

ಅವಳು ತಲೆಯಾಡಿಸಿದಳು.

ಅವನ ದನಿ ಒಡೆಯಿತು. "ನಮ್ಮ ತಂಗಿ ಕೆಬಿರುಂಗಿ ಸಾಯೋ ಮುಂಚೆ ಎರಡು ದಿನ ನೋವಿಗೆ ಕೂಗಿದ್ಳು... ಅವತ್ತು ಆಸ್ಪತ್ರೇಲಿ ಈ ಔಷಧಿ ಒಂದು ಗುಟುಕು ಇದ್ದಿದ್ರೆ..."

ಒರಿಶಾಬ ಬಾಟಲಿಯ ಮುಚ್ಚಳ ಬಿಗಿದಳು.

'ಸುಮ್ಮನಿರು,' ಎಂದಿತು ಮನಸ್ಸು. 'ಅವನಿಗೆ ಗೊತ್ತಿಲ್ಲ. ಯಾವತ್ತಿಗೂ ಗೊತ್ತಾಗೋದೂ ಇಲ್ಲ...'

ಅವಳು ಎದ್ದು ಅಂಗಳಕ್ಕೆ ಬಂದಳು. ಅವನೂ ಬಂದ.

"ಇತ್ತು," ಎಂದಳು.

"ಏನು?"

"ಮಾರ್ಫಿನ್. ವಾರ್ಡಿನ ಬೀರುವಲ್ಲಿ ಇತ್ತು ಟುಮ್ವಿನೆ. ಕೀಲಿಕೈ ನನ್ನ ಹತ್ರಾನೇ ಇತ್ತು. ನೀನು ನನ್ನ ಕಾಲು ಹಿಡ್ಕೊಂಡು ಕೇಳಿದಾಗ 'ಔಷಧಿ ಖಾಲಿ' ಅಂದೆನಲ್ಲ... ಅದು ಸುಳ್ಳು."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಡಾಕ್ಟರ ಸಹಿ ಇಲ್ದೆ ಮುಟ್ಟಬಾರ್ದು ಅಂತಿದ್ರು. ಡಾಕ್ಟರ್ ಊರಲ್ಲಿರಲಿಲ್ಲ. ಫೋನ್ ಮಾಡಿ ಕೇಳಬಹುದಿತ್ತು, ನಾನು ಕೇಳಲಿಲ್ಲ. ಚಟ ಹಿಡಿಯುತ್ತೆ, ಉಸಿರು ನಿಲ್ಲುತ್ತೆ ಅಂತ ಹೆದರಿಕೆ... ಕೆಲಸ ಹೋಗುತ್ತೆ ಅಂತಾನೂ ಹೆದರಿಕೆ! ನಿನ್ನ ರಕ್ತ ಪರೀಕ್ಷೆಗೆ ಹೆದರಿ ನಾನು ಓಡಿಹೋಗಲಿಲ್ಲ. ನಿನ್ನ ಮುಖ ನೋಡೋಕಾಗದೆ ಓಡಿಹೋದೆ."

ಗಾಳಿಗೆ ಬಾಳೆ ಎಲೆಗಳ ಸದ್ದು.

"ಅಜ್ಜಿಗೆ ಮತ್ತೆ ಯಾವಾಗ ಕುಡಿಸಬೇಕು ಅಂತ ಹೇಳಿ," ಅಂದ ಅವನು ಕೊನೆಗೆ. ಹೇಳಿದಳು. ಅವನು ಕೇಳಿಸಿಕೊಂಡು ಒಳಗೆ ಹೋದ. ಹೊರಗೆ ಬರಲಿಲ್ಲ.

ಜೀಪಿನಲ್ಲಿ ಒರಿಶಾಬ ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲವನ್ನೂ ಮೊರಾಗ್‌ಗೆ ಹೇಳಿಬಿಟ್ಟಳು.

"ಈ ಕೆಲಸಕ್ಕೆ ನಾನು ಮುಖ್ಯಸ್ಥೆ ಆಗೋದು ಬೇಡ. ಬೇರೆ ಯಾರನ್ನಾದ್ರೂ ನೋಡಿ."

ಮೊರಾಗ್ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. "ನಮ್ಮೂರಲ್ಲೂ ಇಂಥ ಸಾವು ಆಗಿದೆ. ನನ್ನ ಕಣ್ಣೆದುರೇ. ನಾನೂ ಸುಮ್ಮನಿದ್ದೆ." ಅವಳ ಕಡೆ ತಿರುಗಿ ಮತ್ತೆ ಹೇಳಿದಳು, "ಔಷಧಿ ಬಾಟಲಿ ಕಳಿಸೋದು ದೊಡ್ಡ ವಿಷಯ ಅಲ್ಲ ಒರಿಶಾಬ. ನರ್ಸುಗಳ ಹೆದರಿಕೆ ಬಿಡಿಸಬೇಕಲ್ಲ... ಅದನ್ನ ನಿನಗಿಂತ ಚೆನ್ನಾಗಿ ಯಾರು ಮಾಡ್ತಾರೆ?"

ಆ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ. ಆದರೂ ಮರುದಿನ ಒರಿಶಾಬ ಕೆಲಸಕ್ಕೆ ಹೋದಳು. ಹೊಸ ನರ್ಸುಗಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದಳು. ಹೆದರಿಕೆಯಿಂದ ಏನಾಗುತ್ತದೆ ಎಂದು ಹೇಳುವಾಗ ಕೆಬಿರುಂಗಿಯ ಕಥೆ ಹೇಳಿದಳು. ಆ ನರ್ಸ್ ನಾನೇ ಎಂದೂ ಹೇಳಿದಳು.

ಮುಂದಿನ ವಾರಗಳಲ್ಲಿ ಟುಮ್ವಿನೆ ರಸ್ತೆಗೆ ಬರಲಿಲ್ಲ. ಬೇರೆ ಯಾರೋ ಬಂದು ದಾರಿ ತೋರಿಸುತ್ತಿದ್ದರು.

'ಅವನು ಇನ್ನು ಬರಲ್ಲ... ಬರಲೂ ಬಾರದು. ಯಾವ ಮುಖ ಇಟ್ಕೊಂಡು ಬಾ ಅನ್ನಲಿ?'

ಒಂದು ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಅಜ್ಜಿಗೆ ನೋವು ಹೆಚ್ಚಿದೆ ಎಂದು ಫೋನ್ ಬಂತು. ಜೀಪು ಇರಲಿಲ್ಲ. ಒರಿಶಾಬ ಬಾಡಿಗೆಯ ಬೋಡಾ ಬೈಕ್ ಹತ್ತಿ, ಆಮೇಲೆ ನಡೆದು, ಬೆವರು ಸುರಿಸುತ್ತಾ ಬೆಟ್ಟದ ಮನೆ ಮುಟ್ಟಿದಳು.

ಒಳಗೆ ಟುಮ್ವಿನೆ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಜೋಳದ ಗಂಜಿಯ ಸೋರೆಬುರುಡೆ.

ಅವಳು ಅಜ್ಜಿಯನ್ನು ಪರೀಕ್ಷಿಸಿ ಔಷಧಿಯ ಪ್ರಮಾಣ ಏರಿಸಿದಳು. ಅವನು ಕುಡಿಸಿದ. ನೋವು ಇಳಿಯುವವರೆಗೂ ಇಬ್ಬರೂ ಎರಡು ಕಡೆ ಕೂತು ಕಾದರು.

ಅಜ್ಜಿ ಕಣ್ಣು ಬಿಟ್ಟಳು. "ಇದೇನು, ಹೆಣ ಕಾಯೋ ಹಾಗೆ ಕೂತಿದ್ದೀರ! ನಾನಿನ್ನೂ ಇದ್ದೀನಿ. ಲೋ ಟುಮ್ವಿನೆ, ವಾರಗಟ್ಟಲೆ ಈ ಹುಡುಗೀನ ಬೈಯ್ತಾ ನನ್ನ ಕಿವಿ ತೂತು ಮಾಡಿದ್ಯಲ್ಲ, ಈಗ ಎದುರಿಗಿದ್ದಾಳೆ. ಬೈಯಿ!"

"ಅಜ್ಜಿ..."

"ಹೊರಗೆ ಹೋಗಿ ಬೈಯಿ. ನಾನು ಮಲಗ್ಬೇಕು."

ಅಂಗಳದಲ್ಲಿ ಸಂಜೆಯ ಬಿಸಿಲು. ಕಣಿವೆಯಲ್ಲಿ ಆಲೂಗಡ್ಡೆ ಹೊಲಗಳು. ಟುಮ್ವಿನೆ ನೆಲ ನೋಡುತ್ತಾ ನಿಂತ.

"ಒಂದು ಕೇಳ್ಲಾ? ಕೊನೆಗೆ... ಕೆಬಿರುಂಗಿ ಹತ್ರ ಯಾರಿದ್ರು?"

"ನಾನಿದ್ದೆ."

"ಕೈ ಹಿಡ್ಕೊಂಡಿದ್ಯಾ?"

"ಹೂಂ. ಬಿಡಲೇ ಇಲ್ಲ."

"ನಾನಿರಲಿಲ್ಲ ಶಾಬಾ. ಆಸ್ಪತ್ರೆ ಹಿಂದಿನ ಬಾಳೆತೋಟದಲ್ಲಿ ಕಿವಿ ಮುಚ್ಕೊಂಡು ಕೂತಿದ್ದೆ. ನಂಗೆ ಕೇಳೋಕಾಗಲಿಲ್ಲ... ಒಡಹುಟ್ಟಿದೋಳು ಕೂಗ್ತಿದ್ಳು, ನಾನು ಓಡಿಹೋದೆ! ಅದಕ್ಕೇ ಈಗ ಊರಲ್ಲಿ ಯಾರು ನರಳಿದ್ರೂ ಹೋಗಿ ಪಕ್ಕದಲ್ಲಿ ಕೂರ್ತೀನಿ."

ಶಾಬಾ!

ಆ ಒಂದು ಕರೆಗೆ ಅವಳ ಕಣ್ಣು ತುಂಬಿ ಹರಿಯಿತು.

"ನಿನ್ನ ತಪ್ಪಲ್ಲ ಅದು..."

"ನನ್ನದೂ ಹೌದು, ನಿನ್ನದೂ ಹೌದು," ಎಂದು ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ನನ್ನ ಕಾಯಿಲೆಗೆ ಅಸಹ್ಯಪಟ್ಟು ಬಿಟ್ಟುಹೋದೆ ಅಂತ ಇಷ್ಟು ವರ್ಷ ನಿನ್ನ ಶಪಿಸಿದೆ. ಕನ್ನಡಿ ನೋಡೋಕೂ ನಾಚಿಕೆಯಾಗ್ತಿತ್ತು ಗೊತ್ತಾ?"

"ಅಯ್ಯೋ, ಇಲ್ಲ..." ಅವಳು ಹತ್ತಿರ ಬಂದು ಅವನ ಕೆನ್ನೆ ಮುಟ್ಟಿದಳು. "ಎಚ್‌ಐವಿ ಮಾತ್ರೆ ಸರಿಯಾಗಿ ತಗೋತಿದ್ದೀಯಾ?"

"ಒಂದು ದಿನಾನೂ ತಪ್ಪಿಸಿಲ್ಲ."

"ಹಾಗಿದ್ರೆ ಅದು ನಂಗೆ ಅಂಟಲ್ಲ. ಮತ್ತೆ ನಾನು ಯಾವುದಕ್ಕೆ ಹೆದರಲಿ?"

ಅವನು ಅವಳ ಕೈಯನ್ನು ಕೆನ್ನೆಯ ಮೇಲೆಯೇ ಒತ್ತಿ ಹಿಡಿದ.

"ನನ್ನ ಕ್ಷಮಿಸಿದ್ಯಾ ಟುಮ್ವಿನೆ?"

ಸುಳ್ಳು ಹೇಳುವ ಮನುಷ್ಯನಲ್ಲ ಅವನು.

"ಪೂರ್ತಿ ಇಲ್ಲ. ಅದಕ್ಕೆ ಟೈಮ್ ಬೇಕು."

"ಎಷ್ಟು?"

"ಗೊತ್ತಿಲ್ಲ ಶಾಬಾ... ಮದುವೆ ಆದಮೇಲೂ ಸಿಟ್ಟು ಸ್ವಲ್ಪ ಉಳ್ಕೋಬಹುದು. ಪರವಾಗಿಲ್ವಾ?"

ಅವಳು ಅಳುತ್ತಲೇ ನಕ್ಕಳು.

"ಪರವಾಗಿಲ್ಲ. ನಾನೂ ಇರ್ತೀನಲ್ಲ."